ಬಿಳಿ ಪಂಚೆ, ಕಪ್ಪು ಛತ್ರಿ

ಗೋಥೆನ್‌ಬರ್ಗಿನ ಕನ್ನಡ ಕೂಟ ಕೋಕಿಲಾಗೆ ಒಂದು ಓಟು ಬಾಕಿ ಉಳಿಸಿಕೊಂಡಿತ್ತು. ಆರು ವರ್ಷದ ಬಾಕಿ. ಯುಗಾದಿಗೆ ಹೋಳಿಗೆ ತಟ್ಟಿದವಳು ಅವಳು, ರಾಜ್ಯೋತ್ಸವಕ್ಕೆ ಹಾಲ್ ಹಿಡಿದವಳು ಅವಳು, ಕೊಮ್ಯೂನ್ ಎಂಬ ಅಲ್ಲಿನ ನಗರಸಭೆಯವರ ಮೇಲ್‌ಗಳಿಗೆ ಸ್ವೀಡಿಷ್‌ನಲ್ಲಿ ಉತ್ತರ ಕುಟ್ಟಿದವಳೂ ಅವಳೇ. ಓಟು ಮಾತ್ರ ಗಂಡ ಬದರಿನಾಥನ ಜೇಬಿನಲ್ಲಿತ್ತು. ಏಕೆಂದರೆ ಕೂಟದಲ್ಲಿ ಒಂದು ಕುಟುಂಬಕ್ಕೆ ಒಂದೇ ಓಟು. ಆ ಶನಿವಾರ ಬೆಳಿಗ್ಗೆ ಅವಳು ಬಾಕಿ ಕೇಳಿದಳು. ಅವನು ಪೋಪನ ಕಥೆ ತೆಗೆದ.

ಬದರಿ: ನೀನು ವಿಷಯನ ಎಲ್ಲಿಂದ ಎಲ್ಲಿಗೋ ಎಳೀತಿದೀಯ. ನಾನು ಹೇಳ್ತಿರೋದು ಪ್ರೊಸೀಜರ್.

ಕೋಕಿಲಾ: ನಾನೂ ಪ್ರೊಸೀಜರ್ರೇ ಕೇಳ್ತಿದೀನಿ ರೀ. ನನ್ನ ಚೀಟಿ ಎಲ್ಲಿ?

ಬದರಿ: ಎರಡು ಸಾವಿರ ವರ್ಷದ ಸಂಸ್ಥೆ ಅದು. ಸುಮ್ಮನೆ ಬಂದಿರಲ್ಲ ಆ ಪದ್ಧತಿ.

ಕೋಕಿಲಾ: ನನ್ನ ಬಾಕಿ ಅಷ್ಟು ಹಳೇದಲ್ಲ. ಅದಕ್ಕೇ ಬೇಗ ತೀರಿಸಬಹುದು.

ಕೂಟದ ಹಿಂದಿನ ಅಧ್ಯಕ್ಷ ಶಂಕರ, ಹೆಲ್ಸಿಂಗ್‌ಬೋರ್ಯ್‌ನಲ್ಲಿ ಹೊಸ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟಿದ ಮೇಲೆ ಕುರ್ಚಿ ಖಾಲಿ ಬಿದ್ದಿತ್ತು. ಅದರ ಮೇಲೆ ಇಬ್ಬರ ಕಣ್ಣು: ಒಂದು ಬದರಿಯದು, ಇನ್ನೊಂದು ಧಾರವಾಡದ ಕಡೆಯ ಬಸವರಾಜನದು. ಎರಡು ಸಲ ಸಭೆ ಸೇರಿ ಎರಡು ಸಲವೂ ಕೂಗಾಡಿಕೊಂಡು ಎದ್ದಿದ್ದರು. ಇತ್ತ ಕೊಮ್ಯೂನಿನಿಂದ ಪತ್ರ ಬಂದಿತ್ತು: ಸೋಮವಾರದೊಳಗೆ ಅಧ್ಯಕ್ಷರ ಹೆಸರು ತಿಳಿಸದಿದ್ದರೆ ಮಕ್ಕಳ ಕನ್ನಡ ತರಗತಿಗೆ ಕೊಟ್ಟ ಕೋಣೆ ಬೇರೆ ಸಂಘಕ್ಕೆ. ಅದೇ ಮೇ ತಿಂಗಳಲ್ಲಿ ರೋಮಿನಲ್ಲಿ ಹೊಸ ಪೋಪನ ಆಯ್ಕೆ ನಡೆಯಿತು. ಲಿಂಡ್‌ಹೋಲ್ಮೆನ್‌ನ ಬದರಿಯ ಆಫೀಸಿನಲ್ಲಿ ಫಿಕಾ ಎಂಬ ಬಿಡುವಿನ ಹೊತ್ತಿಗೆ ಕಾಫಿ ಹಿಡಿದು ಎಲ್ಲರೂ ವ್ಯಾಟಿಕನ್ ಚಿಮಣಿಯ ಲೈವ್ ನೋಡಿದರು. ಒಳಗೆ ಓಟು ಹಾಕುವ ಕಾರ್ಡಿನಲ್‌ಗಳಲ್ಲಿ ಸ್ಟಾಕ್‌ಹೋಮಿನವರೊಬ್ಬರು ಕೂತಿದ್ದಾರೆಂದು ದೇವರನ್ನೇ ನಂಬದ ಸ್ವೀಡಿಷರೂ ಕುತೂಹಲದಿಂದ ಕತ್ತು ಚಾಚಿದರು. ಎರಡೇ ದಿನದಲ್ಲಿ ಬಿಳಿ ಹೊಗೆ ಬಂತು. ಬದರಿಗೆ ಜ್ಞಾನೋದಯವಾಯಿತು. ಮನೆಗೆ ಬಂದವನೇ ಕೂತು, ಪೋಪನ ಚುನಾವಣೆಯ ನಿಯಮಗಳನ್ನೆಲ್ಲ ತೆಗೆದು, ಅಲ್ಲಲ್ಲಿ ಹೆಸರು ಬದಲಾಯಿಸಿ, ಕೂಟದ ಬೈಲಾಕ್ಕೆ ಅಂಟಿಸಿಬಿಟ್ಟ. ಸಾಫ್ಟ್‌ವೇರ್‌ನವನ ಕೈ, ಬೇರೆಯವರು ಬರೆದದ್ದನ್ನು ಎತ್ತಿ ತಂದು ತನ್ನದರಲ್ಲಿ ಕೂರಿಸುವುದು ಅದಕ್ಕೆ ರೂಢಿ.

ಬದರಿ: ನೋಡು ಎಷ್ಟು ಕ್ಲೀನ್ ಆಗಿದೆ. ಎಂಬತ್ತು ತುಂಬದ ಕಾರ್ಡಿನಲ್‌ಗಳು ಮಾತ್ರ ಒಳಗೆ. ಫೋನ್ ಇಲ್ಲ, ಪೇಪರ್ ಇಲ್ಲ. ಒಳಗಿನ ಮಾತು ಹೊರಗೆ ಬಿಟ್ಟರೆ ಬಹಿಷ್ಕಾರ. ಮೂರರಲ್ಲಿ ಎರಡು ಪಾಲು ಓಟು ಒಬ್ಬರಿಗೆ ಬೀಳೋ ತನಕ ಕಪ್ಪು ಹೊಗೆ. ಬಿದ್ದರೆ ಬಿಳಿ. ಕೂಗಾಟಕ್ಕೆ ಜಾಗನೇ ಇಲ್ಲ.

ಕೋಕಿಲಾ: ಪೋಪ್ ಆಗೋಕೆ ಏನು ಓದಿರಬೇಕು?

ಬದರಿ: ಅಲ್ಲೇ ಮಜಾ ಇರೋದು. ಬ್ಯಾಪ್ಟಿಸಂ ಆಗಿರೋ ಕ್ಯಾಥಲಿಕ್ ಗಂಡಸು ಆಗಿದ್ರೆ ಸಾಕು. ಕಾರ್ಡಿನಲ್ ಆಗಿರಬೇಕಿಲ್ಲ, ಪಾದ್ರಿ ಆಗಿರಬೇಕಿಲ್ಲ, ಆ ಕೋಣೆ ಒಳಗೆ ಇರಬೇಕು ಅಂತನೂ ಇಲ್ಲ. ಹೊರಗೆ ಟ್ರಾಮ್ ಓಡಿಸ್ತಿರೋನನ್ನ ಆರಿಸಿದ್ರೂ ನಡೆಯುತ್ತೆ. ಕರೆಸಿ, ಬಿಷಪ್ ದೀಕ್ಷೆ ಕೊಟ್ಟು, ಕೂರಿಸ್ತಾರೆ.

ಕೋಕಿಲಾ: ಯಾವತ್ತಾದ್ರೂ ಟ್ರಾಮ್ ಓಡಿಸೋನನ್ನ ಕೂರಿಸಿದಾರಾ?

ಬದರಿ: ಇಲ್ಲ. ಆರುನೂರು ವರ್ಷದಿಂದ ಒಳಗಿರೋರೇ ಒಳಗಿರೋರನ್ನ ಆರಿಸ್ಕೊಂಡು ಬಂದಿದಾರೆ.

ಕೋಕಿಲಾ: ಅಂದ್ರೆ ರೂಲಿಗೆ ದೊಡ್ಡ ಮನಸ್ಸು. ಓಟು ಹಾಕೋರಿಗೆ ಇಲ್ಲ.

ಬದರಿ: ನಿನಗೆ ಎಲ್ಲದರಲ್ಲೂ ಕೊಂಕು.

ಕೋಕಿಲಾ: ಹೆಂಗಸರು ನಿಲ್ಲಬಹುದಾ?

ಬದರಿ: ಇಲ್ಲ.

ಕೋಕಿಲಾ: ಓಟು ಹಾಕಬಹುದಾ?

ಬದರಿ: ಇಲ್ಲ.

ಕೋಕಿಲಾ: ಒಳಗಿರೋರಿಗೆ ಊಟ ಯಾರು ಮಾಡಿ ಹಾಕ್ತಾರೆ?

ಬದರಿ ಲೋಟದ ತಳದಲ್ಲಿ ಉಳಿದಿದ್ದ ಕಾಫಿಯನ್ನು ಬಹಳ ಆಸಕ್ತಿಯಿಂದ ನೋಡಿದ.

ಬದರಿ: ನನ್ಸ್. ಸನ್ಯಾಸಿನಿಯರು.

ಕೋಕಿಲಾ: ಸರಿ. ಅದೊಂದು ರೂಲ್ ನಿಮ್ಮ ಕೂಟಕ್ಕೆ ಅಂಟಿಸೋ ಅಗತ್ಯ ಬೀಳಲಿಲ್ಲ ಬಿಡಿ. ಮೊದಲಿಂದಲೂ ಇತ್ತು.

ಬದರಿ: ನೋಡು, ನಮ್ಮದು ಅದಕ್ಕಿಂತ ಪ್ರೋಗ್ರೆಸಿವ್. ನಾನೇ ತಿದ್ದಿದೀನಿ. ಸದಸ್ಯರ ಕುಟುಂಬದ ಯಾರು ಬೇಕಾದ್ರೂ ಅಧ್ಯಕ್ಷರಾಗಬಹುದು. ಗಂಡಸು, ಹೆಂಗಸು, ಭೇದ ಇಲ್ಲ. ಓಟು ಮಾತ್ರ ಕುಟುಂಬದ ಹೆಡ್ ಹಾಕ್ತಾರೆ.

ಕೋಕಿಲಾ: ನಮ್ಮನೇಲಿ ಹೆಡ್ ಯಾರು?

ಬದರಿ: ಮೆಂಬರ್‌ಶಿಪ್ ಫಾರಂನಲ್ಲಿ ಮೊದಲನೇ ಹೆಸರು ಯಾರದಿದೆಯೋ ಅವರು.

ಕೋಕಿಲಾ: ಯಾರದಿದೆ?

ಬದರಿ: ನನ್ನದು.

ಕೋಕಿಲಾ: ಅದನ್ನ ತುಂಬಿದ್ದು ಯಾರು?

ಬದರಿ: ನೀನು. ನನಗೆ ಅವತ್ತು ಮೀಟಿಂಗ್ ಇತ್ತು.

ಕೋಕಿಲಾ ಚಪಾತಿ ಹಿಟ್ಟನ್ನು ಎತ್ತಿ ಪರಾತಕ್ಕೆ ಕುಕ್ಕಿದಳು. ಈ ದೇಶದ ಸರ್ಕಾರ ಅವಳಿಗೆ ಬೇರೆ, ಗಂಡನಿಗೆ ಬೇರೆ ನಂಬರು ಕೊಟ್ಟಿತ್ತು. ತೆರಿಗೆ ಇಬ್ಬರಿಗೂ ಬೇರೆ ಬೇರೆ ಹರಿಯುತ್ತಿತ್ತು. ಹಲ್ಲಿನ ಡಾಕ್ಟರೂ ಇಬ್ಬರ ಬಾಯಿಯನ್ನು ಬೇರೆ ಬೇರೆ ತೆಗೆಸಿ ನೋಡುತ್ತಿದ್ದ. ಕೂಟದಲ್ಲಿ ಮಾತ್ರ ಇಬ್ಬರೂ ಸೇರಿ ಒಂದೇ ದೇಹ, ಆ ದೇಹಕ್ಕೆ ತಲೆ ಅವನು, ಉಳಿದ ಅಂಗಾಂಗವೆಲ್ಲ ಇವಳು.

ಕೋಕಿಲಾ: ಕೊಮ್ಯೂನ್ ಎಲೆಕ್ಷನ್‌ನಲ್ಲಿ ನನಗೆ ಓಟಿತ್ತು ರೀ. ಈ ದೇಶದ ಪಾಸ್‌ಪೋರ್ಟ್ ಇಲ್ಲ, ಆದ್ರೂ ಮೂರು ವರ್ಷ ಇದ್ದೀಯ, ಬಾಮ್ಮ ಹಾಕು ಅಂದ್ರು. ಹೋಗಿ ಹಾಕಿ ಬಂದೆ. ಇಷ್ಟೊಂದು ಜನ ಸ್ವೀಡಿಷರ ಊರನ್ನ ಯಾರು ಆಳಬೇಕು ಅನ್ನೋದಕ್ಕೆ ನನ್ನ ಮಾತು ಬೇಕು. ಒಂಬತ್ತು ಮನೆ ಕನ್ನಡದೋರ ಪಿಕ್‌ನಿಕ್‌ಗೆ ಮೊಸರನ್ನ ಮಾಡ್ಬೇಕೋ ಪುಳಿಯೋಗರೆ ಮಾಡ್ಬೇಕೋ ಅನ್ನೋದಕ್ಕೆ ಬೇಡ.

ಬದರಿ: ಇವತ್ತು ಒಂದಿನ ಸುಮ್ಮನಿರು. ಇವತ್ತು ನಾನು ಗೆದ್ದರೆ ನಾಳೆ ಅದನ್ನೂ ತಿದ್ದೋಣ.

ಕೋಕಿಲಾ: ನಿಮಗೆ ಐದು ಓಟು ಇದೆ. ಬಸವರಾಜನಿಗೆ ನಾಲ್ಕು. ಒಂಬತ್ತರಲ್ಲಿ ಆರು ಬೇಕು. ಎಲ್ಲಿಂದ ತರ್ತೀರಿ?

ಬದರಿ: ಅದಕ್ಕೇ ತಾನೆ ಬೀಗ ಹಾಕೋದು. ಹಿಂದೆ ಇಟಲಿಯ ವಿಟರ್ಬೋ ಅನ್ನೋ ಊರಲ್ಲಿ ಕಾರ್ಡಿನಲ್‌ಗಳು ಹತ್ತಿರ ಹತ್ತಿರ ಮೂರು ವರ್ಷ ಪೋಪನ್ನ ಆರಿಸದೆ ತಿಂದುಂಡು ಕೂತಿದ್ರು. ಊರ ಜನಕ್ಕೆ ರೇಗಿ ಹೋಯ್ತು. ಬಾಗಿಲಿಗೆ ಬೀಗ ಜಡಿದ್ರು. ಬರೀ ಬ್ರೆಡ್ಡು, ನೀರು ಕೊಟ್ರು. ಅದಕ್ಕೂ ಬಗ್ಗದೆ ಇದ್ದಾಗ ಮೇಲಿನ ಸೂರನ್ನೇ ಕಿತ್ತು ಹಾಕಿದ್ರು.

ಕೋಕಿಲಾ ಮೊದಲ ಸಲ ಲಟ್ಟಣಿಗೆ ನಿಲ್ಲಿಸಿ ತಲೆಯೆತ್ತಿದಳು.

ಕೋಕಿಲಾ: ಊರ ಜನ ಅಂದ್ರೆ ಯಾರು? ಓಟಿದ್ದೋರಾ?

ಬದರಿ: ಅವರಿಗೆಲ್ಲಿ ಓಟು? ಅಡಿಗೆಯೋರು, ಅಂಗಡಿಯೋರು, ಹಂಗೇ.

ಕೋಕಿಲಾ: ಈ ರೂಲ್ ನಿಮ್ಮ ಬೈಲಾದಲ್ಲಿ ಇದೆಯಾ?

ಬದರಿ: ಇದೆ. ಮೂರು ಸುತ್ತು ಆದ್ಮೇಲೆ ಆಹಾರ ಕಡಿತ. ಇತಿಹಾಸದ ಗೌರವಕ್ಕೆ ಇರಲಿ ಅಂತ ಹಾಕ್ದೆ.

ಕೋಕಿಲಾ: ಇರಲಿ. ಹಾಲ್ ನನ್ನ ಹೆಸರಲ್ಲಿ ಬುಕ್ ಆಗಿದೆ. ಬಾಗಿಲು ಹಾಕೋ ಕೆಲಸ ನಾನೇ ನೋಡ್ಕೋತೀನಿ. ಹೊಗೆ ಏನು ಮಾಡ್ತೀರಿ? ಹೋದ ಸಲ ಒಗ್ಗರಣೆ ಸಿಡಿದಿದ್ದಕ್ಕೇ ಫೈರ್ ಎಂಜಿನ್ ಬಂದಿತ್ತು.

ಬದರಿ: ಅದಕ್ಕೂ ಯೋಚನೆ ಮಾಡಿದೀನಿ. ಆಯ್ಕೆ ಆಗದಿದ್ರೆ ಕಿಟಕಿಯಿಂದ ಕಪ್ಪು ಛತ್ರಿ. ಆದ್ರೆ ನನ್ನ ಬಿಳಿ ಪಂಚೆ.

*

ಅವರಿದ್ದ ಬಿಲ್ಡಿಂಗಿನ ಸೊಸೈಟಿ ಹಾಲ್ ನೆಲಮಹಡಿಯಲ್ಲಿತ್ತು. ಪಕ್ಕದಲ್ಲೇ ಅಡುಗೆಕೋಣೆ. ನಡುವಿನ ಗೋಡೆಯಲ್ಲಿ ಬಡಿಸಲು ಒಂದು ಕಿಂಡಿ, ಅದಕ್ಕೊಂದು ಜಾರುವ ಬಾಗಿಲು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮನೆಯ ಹೆಂಗಸರು, ಮಕ್ಕಳು ಹೊರಗೆ ಹುಲ್ಲಿನ ಮೇಲೆ ಚಾಪೆ ಹಾಸಿ ಕಿಟಕಿಯತ್ತ ಮುಖ ಮಾಡಿ ಕೂತರು. ಒಂಬತ್ತು ಗಂಡಸರು ಒಳಗೆ ಹೋದರು. ಮೊಬೈಲುಗಳನ್ನೆಲ್ಲ ದೊಡ್ಡ ಕುಕ್ಕರಿನಲ್ಲಿ ಹಾಕಿಸಿ, ಕೋಕಿಲಾ ಬಾಗಿಲನ್ನು ಧಡ್ಡನೆ ಎಳೆದುಕೊಂಡಳು. ಒಳಗೆ ರಹೀಮ್ ಎಲ್ಲರ ಕೈಯನ್ನೂ ಕನ್ನಡ ನಿಘಂಟಿನ ಮೇಲಿರಿಸಿ ಗುಟ್ಟು ಕಾಯುವ ಆಣೆ ಮಾಡಿಸಿದ. ವಿಜಯಪುರದ ಕಡೆಯ ರಹೀಮ್ ಕೂಟದ ಕಾರ್ಯದರ್ಶಿ, ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ನಿನ ಕೆಲಸ. ನಿಯಮ ಎಂದರೆ ಅವನಿಗೆ ನಟ್ಟು ಬೋಲ್ಟು, ಒಂದೂ ಸಡಿಲ ಬಿಡುವವನಲ್ಲ. ಅವನ ಹೆಂಡತಿ ಬಿಲ್ಕೀಸ್, ಕೋಕಿಲಾ ಜೊತೆ ಅಡುಗೆಕೋಣೆಯಲ್ಲಿ ಬಿಸಿಬೇಳೆಬಾತಿನ ತಪ್ಪಲೆ ಕಾಯುತ್ತಿದ್ದಳು.

ಬಿಲ್ಕೀಸ್: ಅಕ್ಕ, ಕೈಬರಹ ಗುರುತು ಸಿಗದಂಗ ಬರೀಬೇಕಂತ. ಪೋಪನ ರೂಲಂತ.

ಕೋಕಿಲಾ: ಹತ್ತು ವರ್ಷದಿಂದ ಒಬ್ಬನೂ ಪೆನ್ನಲ್ಲಿ ಕನ್ನಡ ಬರೆದಿಲ್ಲ. ಅವರ ಬರಹ ಅವರಿಗೇ ಗುರುತು ಸಿಗಲ್ಲ ಬಿಡು.

ಕಿಂಡಿಯ ಸಂದಿನಿಂದ ರಹೀಮ್ ಚೀಟಿ ಓದುವುದು ಕೇಳಿಸಿತು. ಬದರಿನಾಥ, ಐದು. ಬಸವರಾಜ, ನಾಲ್ಕು. ಕಿಟಕಿಯಿಂದ ಕಪ್ಪು ಛತ್ರಿ ಹೊರಬಂತು. ಹುಲ್ಲಿನ ಮೇಲಿದ್ದವರು ಆಕಾಶ ನೋಡಿದರು. ಮೋಡ ಇರಲಿಲ್ಲ. ಎರಡನೆಯ ಸುತ್ತು: ಐದು, ನಾಲ್ಕು. ಛತ್ರಿ. ಮೂರನೆಯ ಸುತ್ತು: ಐದು, ಮೂರು, ಉಳಿದ ಒಂದು ಚೀಟಿಯಲ್ಲಿ 'ಊಟ' ಎಂದಿತ್ತು.

ಬದರಿ: ಇದು ಅಸಿಂಧು.

ಬಸವರಾಜ: ಯಾಕ ಅಸಿಂಧು? ಹೊರಗಿರೋದನ್ನೂ ಆರಿಸಬಹುದು ಅಂತ ನೀವೇ ಬರದೀರಿ.

ರಹೀಮ್: ಊಟ ಯಾವ ಕುಟುಂಬದ ಸದಸ್ಯ? ತಿರಸ್ಕೃತ.

ಮತ್ತೆ ಛತ್ರಿ. ಈಗ ಕಿಂಡಿಯ ಬಾಗಿಲು ಗೇಣಷ್ಟು ಜಾರಿತು. ಬಸವರಾಜನ ಮೂಗು ಕಾಣಿಸಿತು.

ಬಸವರಾಜ: ಅಕ್ಕಾರ, ನಮಸ್ಕಾರ. ಮೂರು ಸುತ್ತು ಆತು. ಪ್ಲೇಟ್ ಕಳಸ್ತೀರೇನು?

ಕೋಕಿಲಾ: ಕಳಿಸ್ತೀನಿ ಬಸವರಾಜ್.

ಅವಳು ಒಂದು ತಟ್ಟೆ ದಾಟಿಸಿದಳು. ಅದರಲ್ಲಿ ಹಲಗೆ ಮುರಿದಂತಿದ್ದ ಸ್ವೀಡಿಷ್ ಗರಿಗರಿ ರೊಟ್ಟಿಯ ತುಂಡುಗಳಿದ್ದವು. ಜೊತೆಗೆ ಒಂದು ಜಗ್ಗು ನೀರು.

ಬಸವರಾಜ: ಇದೇನ್ರಿ ಅಕ್ಕಾರ?

ಕೋಕಿಲಾ: ವಿಟರ್ಬೋ. ಬದರಿ ಹೇಳ್ತಾರೆ ಕೇಳಿ, ಅವರಿಗೆ ಇತಿಹಾಸ ಚೆನ್ನಾಗಿ ಗೊತ್ತು.

ಒಳಗೆ ಗದ್ದಲವೆದ್ದಿತು. ಬದರಿಯ ಕಡೆಯ ನಾಲ್ವರೂ ಬದರಿಯ ಮೇಲೆಯೇ ತಿರುಗಿ ಬಿದ್ದರು. ಗರಿಗರಿ ರೊಟ್ಟಿಯನ್ನು ಕಡಿಯುವ ಸದ್ದು ಹೊಲದಲ್ಲಿ ಒಣ ಕಡ್ಡಿ ತುಳಿದಂತೆ ಕೇಳಿಸುತ್ತಿತ್ತು. ಬದರಿ ಕಿಂಡಿಗೆ ಬಂದ.

ಬದರಿ: ಕೋಕಿ, ಅದು ಸುಮ್ಮನೆ ಗೌರವಕ್ಕೆ ಬರೆದಿದ್ದು. ಲಿಟರಲ್ ಆಗಿ ತಗೋಬೇಡ.

ಕೋಕಿಲಾ: ಒಂದು ಕುಟುಂಬ ಒಂದು ಓಟು ಅನ್ನೋದನ್ನ ಲಿಟರಲ್ ಆಗಿ ತಗೊಂಡಿದೀರಲ್ಲ. ಅದೇ ಪುಟದಲ್ಲಿದೆ ಇದೂ.

ಬದರಿ: ನಿನ್ನ ಗಂಡ ಕಣೇ ನಾನು.

ರಹೀಮ್: ಹೊರಗಿನವರ ಜೊತೆ ಮಾತು ನಿಷಿದ್ಧ, ಬದರಿ ಸರ್. ಕಿಂಡಿ ಬಿಟ್ಟು ಬನ್ನಿ.

ಬಿಲ್ಕೀಸ್: ನಮ್ಮ ಮನೆಯವ್ರಿಗೆ ಹಸಿವಾದ್ರ ತಲಿ ನೋವು ಬರ್ತದ ಅಕ್ಕ. ಪಾಪ ಅನಸ್ತದ.

ಕೋಕಿಲಾ: ನನಗೂ ಅನ್ಸುತ್ತೆ. ಅದಕ್ಕೇ ಸೂರು ಕೀಳಲ್ಲ.

ಹಾಗೆಂದವಳೇ ತಪ್ಪಲೆಯನ್ನು ಕಿಂಡಿಯ ಹತ್ತಿರಕ್ಕೆ ಎಳೆದು ಮುಚ್ಚಳ ತೆಗೆದಳು. ತುಪ್ಪದಲ್ಲಿ ಹುರಿದ ಗೋಡಂಬಿ, ಕರಿಬೇವು, ಇಂಗು, ಊರಿನಿಂದ ಪಾರ್ಸೆಲ್ಲಿನಲ್ಲಿ ಬಂದ ಪುಡಿ; ಎಲ್ಲವೂ ಸೇರಿ ಎದ್ದ ಹಬೆ ಒಂಬತ್ತು ಮೂಗುಗಳನ್ನು ಹುಡುಕಿಕೊಂಡು ಒಳಗೆ ನುಗ್ಗಿತು.

ಬಸವರಾಜ: ಅಕ್ಕಾರ, ಒಂದ್ ಸೌಟು. ನಾನು ನಿಂತಿದ್ದು ವಾಪಸ್ ತಗೋತೀನಿ.

ಕೋಕಿಲಾ: ಸೌಟಿಗೆ ಓಟು ಮಾರ್ತೀರಾ? ನಮ್ಮೂರಲ್ಲಿ ಅದಕ್ಕಿಂತ ಜಾಸ್ತಿ ಸಿಗ್ತಿತ್ತು.

ಅಷ್ಟರಲ್ಲಿ ಹೊರಗೆ ಹೆಂಗಸರಿಗೂ ಮಕ್ಕಳಿಗೂ ತಟ್ಟೆ ಹೋದವು. ಕಿಟಕಿಯಾಚೆ ಹಪ್ಪಳ ಮುರಿಯುವುದು ಒಳಗಿನವರಿಗೆ ಕಾಣುತ್ತಿತ್ತು. ಒಳಗೆ ಪಿಸುಮಾತು ಶುರುವಾಯಿತು. ಬದರಿ ಬಸವರಾಜನಿಗೆ ಬಿಡಲೊಲ್ಲ, ಬಸವರಾಜ ಬದರಿಗೆ ಬಿಡಲೊಲ್ಲ. ಹಾಗಾದರೆ ಇಬ್ಬರಿಗೂ ಬೇಡ, ಹೊರಗಿನವರೊಬ್ಬರನ್ನು ಆರಿಸಿ ಮುಗಿಸೋಣ ಎಂದು ಯಾರೋ ಅಂದರು. ನಿಯಮದಲ್ಲಿ ಅವಕಾಶವಿತ್ತು. ಹೆಸರು ಕೂಡ ಹಬೆಯ ಜೊತೆಯಲ್ಲೇ ಬಂದಂತಿತ್ತು. ನಾಲ್ಕನೆಯ ಸುತ್ತಿನಲ್ಲಿ ರಹೀಮ್ ಒಂಬತ್ತು ಚೀಟಿ ಬಿಚ್ಚಿ ಒಂಬತ್ತು ಸಲವೂ ಒಂದೇ ಹೆಸರು ಓದಿದ. ಕಿಟಕಿಯಿಂದ ಬಿಳಿ ಪಂಚೆ ಜಗ್ಗನೆ ಇಳಿಬಿತ್ತು. ಹುಲ್ಲಿನ ಮೇಲೆ ಚಪ್ಪಾಳೆ ಎದ್ದಿತು. ಮೂರನೆಯ ಮಹಡಿಯ ಅಜ್ಜಿಯೊಬ್ಬಳು ಬಾಲ್ಕನಿಗೆ ಬಂದು, ಬಟ್ಟೆ ಒಣಗಿಸಲು ಕೆಳಗೆ ಬೇರೆ ಕೋಣೆ ಇದೆಯೆಂದು ನಯವಾಗಿ ತಿಳಿಸಿ ಒಳಗೆ ಹೋದಳು.

ರಹೀಮ್ ಕಿಂಡಿಯನ್ನು ಪೂರ್ತಿ ಸರಿಸಿದ. ಅವನ ಹಿಂದೆ ಎಂಟು ಮುಖ ಒತ್ತಿಕೊಂಡವು.

ರಹೀಮ್: ಕೋಕಿಲಾ ಅವರೆ, ನಿಯಮದ ಪ್ರಕಾರ ನಡೆದ ಈ ಆಯ್ಕೆಯನ್ನು ನೀವು ಒಪ್ಪುತ್ತೀರಾ? ಒಪ್ಪಿದರೆ, ಪೋಪ್ ಹೊಸ ಹೆಸರು ಇಟ್ಟುಕೊಳ್ಳುವಂತೆ, ನಿಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು?

ಕೋಕಿಲಾ: ಯಾವ ಆಯ್ಕೆ?

ಬದರಿ: ನೀನು ಅಧ್ಯಕ್ಷೆ ಕಣೆ. ಒಂಬತ್ತಕ್ಕೆ ಒಂಬತ್ತು. ಬಾಕಿ ತೀರಿತಲ್ಲ? ಭಯ ಪಡಬೇಡ, ಸೈನ್ ಒಂದು ನಿನ್ನದು. ಉಳಿದಿದ್ದು ನಾನು, ಬಸವರಾಜ್ ನೋಡ್ಕೋತೀವಿ. ನೀನು ಈಗ ಮಾಡ್ತಿರೋ ಕೆಲಸನೇ ಮಾಡ್ಕೊಂಡು ಹೋದ್ರೆ ಸಾಕು.

ಕೋಕಿಲಾ ಸೌಟನ್ನು ತಪ್ಪಲೆಯ ಅಂಚಿಗೆ ತಟ್ಟಿ ಕೆಳಗಿಟ್ಟಳು.

ಕೋಕಿಲಾ: ಒಪ್ಪಲ್ಲ.

ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಬೈಲಾದಲ್ಲಿ ಗೆದ್ದವರು ಬೇಡ ಎಂದರೆ ಏನು ಮಾಡಬೇಕೆಂದು ಬದರಿ ಬರೆದಿರಲಿಲ್ಲ. ಕುರ್ಚಿಯನ್ನು ಬೇಡ ಎನ್ನುವ ಮನುಷ್ಯ ಅವನ ತಲೆಯಲ್ಲಿ ಹುಟ್ಟಿರಲೇ ಇಲ್ಲ.

ಬದರಿ: ಯಾಕೆ?

ಕೋಕಿಲಾ: ಒಂಬತ್ತರಲ್ಲಿ ನನ್ನದೆಷ್ಟು?

ಬದರಿ: ಎಲ್ಲಾ ನಿನ್ನದೇ.

ಕೋಕಿಲಾ: ನನಗೆ ಬಿದ್ದಿದ್ದು ಕೇಳ್ತಿಲ್ಲ. ನಾನು ಹಾಕಿದ್ದು ಕೇಳ್ತಿದೀನಿ.

ಬದರಿ: ನಾನು ಹಾಕಿದೀನಲ್ಲ, ನಿನ್ನ ಪರವಾಗಿ, ನಿನಗೇ.

ಕೋಕಿಲಾ: ನನ್ನ ಓಟು ನನ್ನ ಕೈಲಿದ್ದಿದ್ರೆ ನಾನು ನನಗೆ ಹಾಕ್ತಿರಲಿಲ್ಲ. ಬಿಲ್ಕೀಸ್‌ಗೆ ಹಾಕ್ತಿದ್ದೆ. ಎರಡು ಸಭೆಯಲ್ಲೂ ನಿಮ್ಮಿಬ್ಬರ ಕೂಗಾಟ ಹೊಡೆದಾಟ ಆಗದಂಗೆ ತಡೆದಿದ್ದು ಅವಳು.

ಬಿಲ್ಕೀಸ್: ನನ್ನ ಯಾಕ ಎಳೀತೀರಿ ಅಕ್ಕ?

ಬದರಿ: ಸರಿ, ಹಿಂಗೆ ಮಾಡು. ಪೋಪ್ ಒಪ್ಪಿಗೆ ಅಂದ ಕ್ಷಣದಿಂದ ಪೂರ್ತಿ ಅಧಿಕಾರ ಬರುತ್ತೆ. ನೀನು ಒಪ್ಕೋ, ಆಮೇಲೆ ನೀನೇ ರೂಲ್ ತಿದ್ದಿ ಎಲ್ಲರಿಗೂ ಓಟು ಕೊಡು.

ಕೋಕಿಲಾ: ನೀವು ಕೂರಿಸಿದ ಕುರ್ಚಿ ಮೇಲೆ ಕೂತು ಕೊಟ್ರೆ ಅದು ದಾನ. ನಾನು ಕೇಳ್ತಿರೋದು ಬಾಕಿ. ಮೊದಲು ಚೀಟಿ ಕೊಡಿ. ಆಮೇಲೆ ಯಾರು ಅಧ್ಯಕ್ಷರು ಅಂತ ನೋಡೋಣ.

ರಹೀಮ್: ನಿಯಮ ತಿದ್ದಬೇಕಾದರೆ ಸರ್ವಸದಸ್ಯರ ಸಭೆ ಕರೀಬೇಕು ಕೋಕಿಲಾ ಅವರೆ.

ಕೋಕಿಲಾ: ಬದರಿ ಇಡೀ ಪೋಪನ್ನೇ ತಂದು ಅಂಟಿಸಿದಾಗ ಯಾವ ಸಭೆ ಕರೆದಿದ್ರಿ?

ರಹೀಮ್ ಬೈಲಾದ ಹಾಳೆ ತಿರುವಿ ಹಾಕಿದ. ಅವನ ಮುಖದಲ್ಲಿ ಒಂದು ನಟ್ಟು ಸಡಿಲವಾದದ್ದು ಕಾಣಿಸಿತು.

ಬಸವರಾಜ: ನನಗ ಈ ಅಧ್ಯಕ್ಷಗಿರಿನೂ ಬೇಡ, ಪೋಪೂ ಬೇಡ. ಬಾಗಿಲು ತೆಗೀರಿ ಅಕ್ಕಾರ. ಮನಿಗೆ ಹೋಗಿ ಉಪ್ಪಿಟ್ಟಾದ್ರೂ ತಿಂತೀನಿ.

ಕೋಕಿಲಾ: ನಾನೇನು ತೆಗೀಲಿ? ಹಿಡಿ ತಿರುಗಿಸಿ.

ಬಸವರಾಜ: ಏನ್ ಹಂಗಂದ್ರ?

ಕೋಕಿಲಾ: ಬೆಂಕಿ ಗಿಂಕಿ ಬಿದ್ದರೆ ಜನ ಓಡಿ ಹೋಗಬೇಕು ಅಂತ ಇಲ್ಲಿ ಹಾಲ್ ಬಾಗಿಲು ಒಳಗಿಂದ ಯಾವಾಗಲೂ ತೆಗೆಯುತ್ತೆ. ಹೊರಗಿಂದ ಬರೋಕೆ ಮಾತ್ರ ಬೀಗ. ಹಾಲ್ ತಗೊಂಡಾಗ ಕೊಟ್ಟ ಕಾಗದದಲ್ಲಿ ಎರಡು ಸಲ ಬರೆದಿದಾರೆ. ಸ್ವೀಡಿಷ್‌ನಲ್ಲಿ.

ಬಸವರಾಜ ಹೋಗಿ ಹಿಡಿ ತಿರುಗಿಸಿದ. ಬಾಗಿಲು ಒಂದು ಕಿರುಗುಟ್ಟೂ ಇಲ್ಲದೆ ತೆರೆದುಕೊಂಡಿತು. ಒಂಬತ್ತು ಗಂಡಸರು, ಅದರಲ್ಲಿ ಏಳು ಎಂಜಿನಿಯರು. ಒಣ ರೊಟ್ಟಿ ಕಡಿಯುತ್ತ ಇಷ್ಟು ಹೊತ್ತು ಕೂತಿದ್ದರೂ ಒಬ್ಬನೂ ಹಿಡಿ ಮುಟ್ಟಿ ನೋಡಿರಲಿಲ್ಲ. ಬೀಗ ಹಾಕಲಾಗುವುದು ಎಂದು ಬೈಲಾದಲ್ಲಿ ಬರೆದಿತ್ತು, ಅಷ್ಟು ಸಾಕಾಗಿತ್ತು. ಎಲ್ಲರೂ ಬದರಿಯನ್ನು ನೋಡಿದರು. ಬದರಿ ಬಾಗಿಲನ್ನು ನೋಡಿದ.

ತೆರೆದ ಬಾಗಿಲಿನಿಂದ ಮೊದಲು ಆಚೆ ಹೋದವನು ಬಸವರಾಜನಲ್ಲ. ಮೊದಲು ಒಳಗೆ ಬಂದವಳು ಅವನ ಹೆಂಡತಿ ಕಾಂಚನಾ. ಅವಳ ಹಿಂದೆ ಶ್ರಾವಣಿ, ಕೃತಿ, ಉಳಿದ ಮನೆಗಳ ಹೆಂಗಸರು. ಪಂಚೆ ಕಂಡು ಹೊಸ ಅಧ್ಯಕ್ಷರನ್ನು ನೋಡಲು ಬಂದವರು ಅವರು, ಕೈಯಲ್ಲಿನ್ನೂ ತಟ್ಟೆ ಇತ್ತು.

ಕಾಂಚನಾ: ಯಾರು ಗೆದ್ರು?

ಕೋಕಿಲಾ: ಇನ್ನೂ ಇಲ್ಲ. ನಿಮ್ಮ ಓಟು ಬಾಕಿ ಇದೆ.

ಕಾಂಚನಾ: ನಮಗ ಓಟೆಲ್ಲಿ ಅದ?

ಕೋಕಿಲಾ: ಅದನ್ನೇ ನಿಮ್ಮ ಯಜಮಾನ್ರನ್ನ ಕೇಳಿ.

ಬಸವರಾಜ ಹೆಂಡತಿಯ ತಟ್ಟೆಯಲ್ಲಿ ಉಳಿದಿದ್ದ ಎರಡು ಗೋಡಂಬಿಯನ್ನು ನೋಡಿದ. ಆಮೇಲೆ ರಹೀಮನ ಮುಂದಿದ್ದ ಕಾಗದದಲ್ಲಿ ಒಂದು ತುಂಡು ಹರಿದು ಅವಳ ಕೈಗಿತ್ತ. ಗೋಡಂಬಿ ತಾನು ತೆಗೆದುಕೊಂಡ. ರಹೀಮ್ ಕನ್ನಡಕ ಒರೆಸಿ, ನಿಯಮವೇ ತಪ್ಪು ದಾರಿಯಲ್ಲಿ ಸೇರಿದ್ದರೆ ಅದರ ತಿದ್ದುಪಡಿಗೂ ಆ ದಾರಿ ಸಾಕೆಂದು ತೀರ್ಪು ಹೇಳಿ, ಬಿಲ್ಕೀಸ್‌ಗೆ ಒಂದು ಚೀಟಿ ಕೊಟ್ಟ. ಒಬ್ಬೊಬ್ಬರಾಗಿ ಉಳಿದವರೂ ಹರಿದುಕೊಟ್ಟರು. ಹಸಿದ ಹೊಟ್ಟೆಗೆ ಸಿದ್ಧಾಂತ ಬಹಳ ಹೊತ್ತು ನಿಲ್ಲುವುದಿಲ್ಲ. ಕೊನೆಗೆ ಉಳಿದವನು ಬದರಿ.

ಬದರಿ: ಕೊಡ್ತೀನಿ. ಮೊದಲು ಹೇಳು, ಯಾರಿಗೆ ಹಾಕ್ತೀಯ?

ಕೋಕಿಲಾ: ಹೇಳಿದ್ರೆ ಬಹಿಷ್ಕಾರ ಅಂತ ಬರೆದಿದೀರಿ.

ಬದರಿ: ಬಿಲ್ಕೀ‌ಸ್‌ಗೆ ಅಂತ ಆಗಲೇ ಹೇಳಿದೆಯಲ್ಲ.

ಕೋಕಿಲಾ: ಅದು ಓಟಿಲ್ಲದಾಗ ಆಡಿದ ಮಾತು. ಓಟಿಲ್ಲದೋರು ಏನು ಬೇಕಾದ್ರೂ ಹೇಳಬಹುದು. ಇನ್ನು ಮುಂದೆ ಹೇಳಲ್ಲ.

ಬದರಿ ಚೀಟಿ ಹರಿದುಕೊಟ್ಟ. ತುಂಬಾ ಸಣ್ಣದು, ಹೆಸರು ಹಿಡಿಯುವಷ್ಟೇ. ಅವಳು ಅದನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ, ಕೈ ಅಡ್ಡ ಹಿಡಿದು ಬರೆದಳು. ಪರೀಕ್ಷೆಯಲ್ಲಿ ಪಕ್ಕದವನು ನಕಲು ಹೊಡೆಯದಂತೆ ಹುಡುಗಿಯರು ಬರೆಯುತ್ತಾರಲ್ಲ, ಹಾಗೆ.

ಹದಿನೆಂಟು ಚೀಟಿ. ಮೂರರಲ್ಲಿ ಎರಡು ಪಾಲು ಎಂದರೆ ಹನ್ನೆರಡು. ರಹೀಮ್ ಒಂದೊಂದೇ ಬಿಚ್ಚಿ ಓದಿದ. ಓದುತ್ತ ಓದುತ್ತ ಅವನ ಧ್ವನಿ ಇಳಿಯಿತು. ಬಿಲ್ಕೀಸ್, ಹದಿಮೂರು. ಬಸವರಾಜ, ಮೂರು. ಬದರಿನಾಥ, ಎರಡು.

ರಹೀಮ್ ಎದ್ದು ನಿಂತ. ಕೇಳಬೇಕಾದವಳು ಸ್ವಂತ ಹೆಂಡತಿಯಾದರೂ ನಿಯಮ ನಿಯಮವೇ.

ರಹೀಮ್: ಬಿಲ್ಕೀಸ್ ಅವರೆ, ಈ ಆಯ್ಕೆಯನ್ನು ಒಪ್ಪುತ್ತೀರಾ?

ಬಿಲ್ಕೀಸ್: 'ಅವರೆ' ಅಂತ ಮನ್ಯಾಗೂ ಅಂತೀರೇನು?

ರಹೀಮ್: ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳಬೇಕು.

ಬಿಲ್ಕೀಸ್: ಹೌದು. ಹೆಸರು ಬದಲಿ ಮಾಡಂಗಿಲ್ಲ, ಇದ್ದದ್ದೇ ಇರಲಿ. ಮೊದಲನೇ ಹುಕುಂ: ಇವತ್ತಿನಿಂದ ಕೂಟದ ಅಡಿಗಿ ಓಟು ಹಾಕೋರೆಲ್ಲ ಮಾಡಬೇಕು. ಎರಡನೇದು, ತಪ್ಪಲಿ ತಳದಾಗ ಇನ್ನೂ ಅದ, ಹಸಿದೋರು ಬಂದು ಉಣ್ರಿ. ಉಂಡೋರು ತಿಕ್ಕ್ರಿ.

ಗಂಡಸರು ಅಡುಗೆಕೋಣೆಗೆ ನುಗ್ಗಿದರು. ಬದರಿ ಮಾತ್ರ ಹೆಂಡತಿಯ ಪಕ್ಕಕ್ಕೆ ಸರಿದು ನಿಂತ. ತನಗೆ ಬಿದ್ದ ಎರಡರಲ್ಲಿ ಒಂದು ತನ್ನದೆಂದು ಅವನಿಗೆ ಗೊತ್ತಿತ್ತು.

ಬದರಿ: ಇನ್ನೊಂದು ನೀನು ಹಾಕಿದ್ದಾ?

ಕೋಕಿಲಾ: ಹೋಗಿ ಊಟ ಮಾಡಿ.

ಬದರಿ: ಬೆಳಿಗ್ಗೆ ಐದಿತ್ತು ಕೋಕಿ. ನಮ್ಮೋರು ಕೈ ಕೊಟ್ರು. ಆದ್ರೂ ಒಬ್ಬರು ನಿಂತಿದಾರೆ ನನ್ನ ಜೊತೆ. ನೀನಾ?

ಕೋಕಿಲಾ: ಆರು ವರ್ಷ ನನ್ನ ಓಟು ಯಾರಿಗೆ ಬೀಳ್ತಿದೆ ಅಂತ ನನಗೂ ಗೊತ್ತಿರಲಿಲ್ಲ ರೀ. ನಾನು ನಿದ್ದೆಗೆಟ್ಟೆನಾ?

ಅವಳು ಅವನ ಕೈಗೆ ತಟ್ಟೆ ಕೊಟ್ಟು, ಸರತಿಯ ಕೊನೆಯಲ್ಲಿ ನಿಲ್ಲಿಸಿ, ಹುಲ್ಲಿನ ಕಡೆ ಹೊರಟುಹೋದಳು. ಅದು ಅವಳ ಓಟೋ ಅಲ್ಲವೋ ಎಂಬುದು ಬದರಿಗೆ ಇಂದಿಗೂ ತಿಳಿದಿಲ್ಲ. ನಿಮಗೂ ತಿಳಿಯುವುದಿಲ್ಲ, ಅದು ನಿಮಗೆ ಸಂಬಂಧಿಸಿದ್ದಲ್ಲ.

ನಿಮಗೆ ಸಂಬಂಧಿಸಿದ್ದು ಬೇರೆ. ನಿಮ್ಮ ಸಂಘ, ನಿಮ್ಮ ಸೊಸೈಟಿ, ನಿಮ್ಮ ದೇವಸ್ಥಾನದ ಟ್ರಸ್ಟು, ನಿಮ್ಮ ಮಸೀದಿಯ ಕಮಿಟಿ, ನಿಮ್ಮ ಚರ್ಚಿನ ಸಮಿತಿ, ಎಲ್ಲೆಲ್ಲಿ ಒಂದು ಮನೆಗೆ ಒಂದೇ ಓಟು ಎಂದು ಬರೆದಿದೆಯೋ ಅಲ್ಲಿ ಇನ್ನೊಬ್ಬರ ಚೀಟಿ ನಿಮ್ಮ ಜೇಬಿನಲ್ಲಿದೆ. ಪೋಪನನ್ನು ಹೇಗೆ ಆರಿಸುತ್ತಾರೆಂದು ನಗುವುದನ್ನು ಆಮೇಲೆ ಮಾಡಿ. ಈ ಹಾಳೆ ಕೆಳಗಿಡಿ, ಎದ್ದು ಹೋಗಿ ಆ ಚೀಟಿ ಕೊಟ್ಟು ಬನ್ನಿ. ಯಾರಿಗೆ ಹಾಕುತ್ತೀಯ ಎಂದು ಕೇಳಬೇಡಿ.